ಮೂರನೆಯ ಸುರಂಗದ ಉತ್ತರ

ಇದು ನನ್ನ ಚಿಕ್ಕಪ್ಪನ ಮಗ ಹುಯಿಗೆ ಆದದ್ದು. ಯಾರೋ ಹೇಳಿ ಕೇಳಿದ್ದಲ್ಲ. ಅರ್ಧ ನಾನೇ ಕಂಡದ್ದು.

ಬಯಾನ್ ಲೆಪಾಸಿನ ಆಫೀಸಿನಿಂದ ಅವನು ಮನೆಗೆ ನಡೆದು ಬರುತ್ತಿದ್ದ. ರಾತ್ರಿ ಹನ್ನೆರಡೂವರೆ. ಆಲದ ಬುಡದಲ್ಲಿ, ಊರು ಕಾಯುವ ದಾತೋಕ್ ದೇವರ ಗುಡಿಯಲ್ಲಿ ಊದುಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಜೇಬಿನಲ್ಲಿ ಫೋನು... ಝುಂ. ಹತ್ತು ಸೆಕೆಂಡು. ಮತ್ತೆ... ಝುಂ.

"ಮೂರನೆಯ ಸುರಂಗ: ಉತ್ತರ ಬಂದಿದೆ."

ಹುಯಿ ನಿಂತುಬಿಟ್ಟ. ಉತ್ತರ ಕೊಡಬೇಕಾದ ಯಂತ್ರವನ್ನು ಪೊಲೀಸರು ವಾರದ ಹಿಂದೆಯೇ ಕಿತ್ತು ಒಯ್ದಿದ್ದರು.

ಸರಿಯಾಗಿ ಹೇಳುತ್ತೇನೆ. ಅವರ ಕಂಪನಿಗೆ ಎರಡು ಯಂತ್ರಕೋಣೆ. ಒಂದು ಇಲ್ಲಿ, ಇನ್ನೊಂದು ಗುಡ್ಡದಾಚೆ ಬಾಲಿಕ್ ಪುಲಾವಿನಲ್ಲಿ. ನಡುವೆ ಡೇಟಾ ಹರಿಯುವ ನೆಟ್‌ವರ್ಕಿನ ಸುರಂಗಗಳು; ಇದು ಮೂರನೆಯದು. ಎರಡೂ ತುದಿಗೆ ಒಂದೊಂದು ಸ್ವಿಚ್. ಪೆಟ್ಟಿಗೆಯಲ್ಲ, ಕಂಪ್ಯೂಟರಿನೊಳಗಿನ ಸಾಫ್ಟ್‌ವೇರು. ಹತ್ತು ಸೆಕೆಂಡಿಗೊಮ್ಮೆ ಇಲ್ಲಿಂದ ಗುರುತು ಹಾಕಿದ ತಪಾಸಣೆಯ ಪ್ಯಾಕೆಟ್ಟು ಹೊರಡುತ್ತದೆ. ಆಚೆ ತುದಿಯ ಸ್ವಿಚ್ಚೇ ಅದನ್ನು ಬಿಚ್ಚಿ ಉತ್ತರಿಸಬೇಕು. ಉತ್ತರ ಬರದಿದ್ದರೆ ಇಲ್ಲಿ ಸೈರನ್ನು ಕೂಗುತ್ತದೆ, ಯಾರಾದರೂ ಕಾರು ಹತ್ತಿ ಓಡಬೇಕು.

ಮಳೆಗಾಲದಲ್ಲಿ ಅದು ಸುಮ್ಮಸುಮ್ಮನೆ ಕೂಗುತ್ತಿತ್ತು. ಹುಯಿಗೆ ರೇಜಿಗೆ. ತನ್ನ ತುದಿಯ ಸ್ವಿಚ್ಚಿನಲ್ಲಿ ಒಂದೇ ಸಾಲು ಬರೆದ: ಗುರುತಿನ ಪ್ಯಾಕೆಟ್ಟನ್ನು ಇಲ್ಲೇ ಬಿಚ್ಚು, ನೀನೇ ಉತ್ತರ ಕೊಡು. ಪ್ಯಾಕೆಟ್ಟು ಸುರಂಗಕ್ಕೆ ಇಳಿಯಲೇ ಇಲ್ಲ. ಪರದೆಯ ಮೇಲಿನ ದೀಪ ಮಾತ್ರ ಸದಾ ಹಸಿರು.

ಆ ವಾರವೇ ಅರುಳಪ್ಪನ್ ಬಾಲಿಕ್ ಪುಲಾವಿನ ಕೋಣೆಗೆ ಹೋದರು. ಅರವತ್ತೊಂದು ವರ್ಷದ ಮೆಕ್ಯಾನಿಕ್. ಮಧ್ಯಾಹ್ನ ಎರಡಕ್ಕೆ ಬ್ಯಾಟರಿ ಹೊಗೆಯೆದ್ದು ಕರೆಂಟು ಹೋಯಿತು. ಕರೆಂಟಿಲ್ಲದೆ ಆ ಬಾಗಿಲು ತೆರೆಯದು. ಸಂಜೆ ಅವರ ಹೆಂಡತಿ ಫಿಲೋಮಿನಾ ಫೋನು ಮಾಡಿದರು. ಹುಯಿ ಹಸಿರು ದೀಪ ನೋಡಿ, "ಅಲ್ಲೆಲ್ಲ ಸರಿಯಿದೆ ಆಂಟಿ, ಅಂಕಲ್ ಕೆಲಸದಲ್ಲಿ ಮುಳುಗಿರ್ತಾರೆ" ಎಂದ.

ಹೆಣ ಸಿಕ್ಕಿದ್ದು ಮರುದಿನ ಬೆಳಿಗ್ಗೆ ಏಳಕ್ಕೆ, ಬಾಗಿಲ ಒಳಬದಿಯಲ್ಲಿ; ಬಡಿದು ಬಡಿದು ಗೆಣ್ಣು ಸುಲಿದಿತ್ತು, ಉಗುರಿನೊಳಗೆ ಮಸಿ. ಹುಯಿ ಮೊದಲು ಆ ಸಾಲು ಅಳಿಸಿದ.

ಕಂಪನಿ ಹೇಳಿತು: ಯಂತ್ರ ಬೆಳಗಿನವರೆಗೂ ಉತ್ತರಿಸಿದೆ, ಹೊಗೆ ಎದ್ದದ್ದೇ ಬೆಳಿಗ್ಗೆ. ಹಾಗಾದರೆ ಅರುಳಪ್ಪನ್ ರಾತ್ರಿಯೆಲ್ಲ ಅಲ್ಲೇಕಿದ್ದ? ಕುಡಿದು ಮಲಗಿದ್ದ.

ಏಳನೆಯ ದಿನದ ಪ್ರಾರ್ಥನೆಯಲ್ಲಿ ಫಿಲೋಮಿನಾ ಹುಯಿಯ ತೋಳು ಹಿಡಿದು ಪಿಸುಗುಟ್ಟಿದರು.

"ತಂಬಿ, ಅವರು ಬಾಟ್ಲಿ ಮುಟ್ಟಿದೋರಲ್ಲ. ಬರೀ ಮೈಲೋ ಹಾಲು ಕುಡೀತಾರೆ ಅಂತ ಮೈಲೋ ಅಂಕಲ್ ಅಂತ ರೇಗಿಸ್ತಿದ್ದೋನು ನೀನೇ."

"ಕಂಪ್ಯೂಟರ್ ಹಂಗೆ ಹೇಳುತ್ತೆ, ಆಂಟಿ."

"ಅದಕ್ಕೆ ಹೇಳಿಕೊಟ್ಟೋರು ಯಾರು?"

ಮರುದಿನ ರಾತ್ರಿಯೇ ಆಲದ ಕೆಳಗೆ ಆ ಝುಂ. ಅಲ್ಲಿಂದಲೇ ನನಗೆ ಫೋನು ಮಾಡಿದ.

"ಅಕ್ಕ... ಉತ್ತರ ಬರ್ತಿದೆ."

"ಯಾರದು?"

"ಆ ಕಡೆಯದು. ಸಾಲು ಅಳಿಸಿದ್ದೀನಿ. ಅಲ್ಲಿ ಯಂತ್ರವೇ ಇಲ್ಲ, ಅಕ್ಕ..."

"ಯಾವ ಸಾಲು?"

ಆಗ ಎಲ್ಲ ಹೇಳಿದ.

"ಶುಕ್ರವಾರ ಅವರ ಸಾವಿನ ವಿಚಾರಣೆ ಇದೆಯಲ್ಲ, ಅಲ್ಲಿ ಇದನ್ನೇ ಹೇಳು."

"ಕೆಲಸ ಹೋಗುತ್ತೆ."

"ಹೋಗಲಿ. ಅವರ ಹೆಸರು ಉಳಿಯುತ್ತೆ."

ಝುಂ... ಝುಂ... ಅಷ್ಟೇ ಕೇಳಿಸಿತು.

ಶುಕ್ರವಾರ ನಾನು ಫಿಲೋಮಿನಾ ಪಕ್ಕದಲ್ಲಿ ಕೂತಿದ್ದೆ. ಹುಯಿ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡಿದ್ದ. ಬೆಳ್ಳಗಿನ, ಉಗುರು ಕತ್ತರಿಸಿದ ಕೈ.

"ಯಂತ್ರ ಬೆಳಗಿನವರೆಗೂ ಸರಿಯಿತ್ತು," ಎಂದ.

ಫಿಲೋಮಿನಾ ನನ್ನ ಮುಖ ನೋಡಿದರು. ನಾನೂ ಬಾಯಿ ಬಿಡಲಿಲ್ಲ. ನಮ್ಮ ಮನೆಯ ಹುಡುಗ.

ಆ ಕ್ಷಣದಿಂದ ಅವನ ಫೋನು ಸುಮ್ಮನಾಯಿತು. ಮತ್ತೆ ಒಂದು ಉತ್ತರವೂ ಬರಲಿಲ್ಲ. ಅವನು ಈಗ ಕಂಪನಿಯ ನೆಟ್‌ವರ್ಕ್ ವಿಭಾಗಕ್ಕೇ ಮುಖ್ಯಸ್ಥ.

ಆದರೆ ಅಂದು ಹೊರಗೆ ಬಂದಾಗ ಅವನಿಗೆ ಕಾರಿನ ಕೀಲಿ ಹಿಡಿಯಲಾಗಲಿಲ್ಲ. ಎರಡೂ ಕೈಯ ಗೆಣ್ಣುಗಳು ಸುಲಿದು ರಕ್ತ. ಉಗುರಿನೊಳಗೆ ಮಸಿ.

"ಎಲ್ಲಿ ತಾಗಿಸಿಕೊಂಡೆಯೋ?"

"ಮೇಜಿನಿಂದ ಕೈ ಎತ್ತೇ ಇಲ್ಲ, ಅಕ್ಕ..."

ಎತ್ತಿರಲಿಲ್ಲ. ನಾನು ನೋಡುತ್ತಲೇ ಇದ್ದೆ. ಒರೆಸಿದ್ದು ನನ್ನ ಕರ್ಚೀಫಿನಲ್ಲಿ. ಮೂರು ಸಲ ಒಗೆದಿದ್ದೇನೆ. ರಕ್ತ ಹೋಯಿತು, ಮಸಿ ಹೋಗಿಲ್ಲ.