ಪೂರ್ವ ಬದಿಯ ಮಣ್ಣು

ನನ್ನ ಹೆಸರು ಸ್ಪಂದನಾ, ತಂದೆ ಜಯದೇವಪ್ಪ, ವಯಸ್ಸು 29 ವರ್ಷ, ಕೆಲಸ ಕಟ್ಟಡ ಸಾಮಗ್ರಿ ಪರೀಕ್ಷಾ ಪ್ರಯೋಗಾಲಯದಲ್ಲಿ ಮಣ್ಣು ವಿಭಾಗದ ಟೆಕ್ನಿಷಿಯನ್, ವಾಸ ತ್ಯಾಗರಾಜನಗರ, ಬೆಂಗಳೂರು. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸಿ ಬರೆಸುತ್ತಿರುವುದೇನೆಂದರೆ:

ನಾನು ಚಿಕ್ಕಲಸಂದ್ರದಲ್ಲಿರುವ ಖಾಸಗಿ ಪ್ರಯೋಗಾಲಯವೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ಕಟ್ಟಡ ಕಟ್ಟುವ ಜಾಗಗಳಿಂದ ಬರುವ ಮಣ್ಣಿನಲ್ಲಿ ನೀರು ಎಷ್ಟಿದೆ ಎಂದು ಅಳೆಯುವುದು ನನ್ನ ನಿತ್ಯದ ಕೆಲಸ. ಮಣ್ಣನ್ನು ಮುಚ್ಚಳವಿರುವ ಸಣ್ಣ ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ತೂಗಿ, ಮರುದಿನದವರೆಗೆ ಓವನ್‌ನಲ್ಲಿ ಒಣಗಿಸಿ, ಆರಿದ ಮೇಲೆ ಮತ್ತೆ ತೂಗುತ್ತೇವೆ. ಕಡಿಮೆಯಾದಷ್ಟು ತೂಕ ನೀರಿನದು.

ದಿನಾಂಕ 17-02-2025 ಸೋಮವಾರ ಮಧ್ಯಾಹ್ನ ಬನಶಂಕರಿ ಎರಡನೇ ಹಂತದ ಒಂದು ಕಟ್ಟಡದ ಕೆಲಸದಿಂದ ನಾಲ್ಕು ಮಣ್ಣಿನ ಮಾದರಿಗಳು ಬಂದವು. ಹಳೆಯ ಮನೆ ಕೆಡವಿ, ನೆಲಮಾಳಿಗೆಗಾಗಿ ಸುಮಾರು ಹನ್ನೆರಡು ಅಡಿ ಆಳ ಅಗೆದಿರುವ ಜಾಗ ಅದು. ಗುಂಡಿಯ ನಾಲ್ಕು ಬದಿಗಳಿಂದ ಒಂದೊಂದು ಮಾದರಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಯಾವ ಬದಿಯದು ಎಂದು ಚೀಟಿ ಅಂಟಿಸಿ ತಂದುಕೊಟ್ಟವರು ಅಲ್ಲಿನ ಸೈಟ್ ಎಂಜಿನಿಯರ್ ಚಿದಾನಂದ್ ಅವರು. ಸದರಿಯವರನ್ನು ಕೆಲಸದ ಮೇಲೆ ನಾಲ್ಕೈದು ಸಲ ಕಂಡಿದ್ದು ಬಿಟ್ಟರೆ ನನಗೆ ಬೇರೆ ಪರಿಚಯವಿರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಸುಮಾರು ಹತ್ತೂವರೆಗೆ ಡಬ್ಬಿಗಳನ್ನು ಹೊರತೆಗೆದು, ಆರಿದ ನಂತರ ತೂಗಿದೆನು. ಮೂರು ಬದಿಗಳ ಮಣ್ಣಿನಲ್ಲಿ ನೂರಕ್ಕೆ ಹದಿಮೂರರಿಂದ ಹದಿನೈದರಷ್ಟು ನೀರಿತ್ತು. ನಮ್ಮ ಕಡೆಯ ಕೆಂಪು ಮಣ್ಣಿಗೆ ಬೇಸಿಗೆಯ ಹೊಸ್ತಿಲಲ್ಲಿ ಇದು ಸಹಜ. ಪೂರ್ವ ಬದಿಯ ಮಣ್ಣಿನಲ್ಲಿ ಇಪ್ಪತ್ತಾರು ಬಂತು. ಮಳೆ ಬಿದ್ದು ತಿಂಗಳ ಮೇಲಾಗಿತ್ತು. ನಾನು ತಪ್ಪು ತೂಗಿರಬಹುದೆಂದು ಮತ್ತೆ ತೂಗಿದೆನು. ಅಷ್ಟೇ ಬಂತು.

ಚೀಲದಲ್ಲಿ ಆ ಬದಿಯ ಮಣ್ಣು ಇನ್ನೂ ಉಳಿದಿತ್ತು. ಅದನ್ನು ಕಾರ್ಬೈಡ್ ಮೀಟರಿಗೆ ಹಾಕಿದೆನು. ಇದು ಉಕ್ಕಿನ ಬಾಟಲಿಯಂತಹ ಸಾಧನ. ಮಣ್ಣಿನ ಜೊತೆ ಕಾರ್ಬೈಡ್ ಪುಡಿ ಹಾಕಿ ಕುಲುಕಿದರೆ ನೀರಿಗೆ ತಕ್ಕಂತೆ ಗ್ಯಾಸ್ ಹುಟ್ಟಿ ಮುಳ್ಳು ಮೇಲೇರುತ್ತದೆ, ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದರಲ್ಲೂ ಹೆಚ್ಚುಕಡಿಮೆ ಅದೇ ಬಂತು. ಅಷ್ಟು ನೀರು ಕುಡಿದ ಮಣ್ಣು ತನ್ನ ಕಾಲ ಮೇಲೆ ನೆಟ್ಟಗೆ ನಿಲ್ಲುವುದು ಕಷ್ಟವೆಂದು ನನಗೆ ಗೊತ್ತಿರುತ್ತದೆ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರಾದ ಬದರಿನಾಥ ಅವರಿಗೆ ತಿಳಿಸಿದೆನು. ಅವರು ನೋಡಿ, ಸಂಜೆಯೊಳಗೆ ವರದಿ ಕಳುಹಿಸುವಂತೆಯೂ, ಸೈಟಿನಲ್ಲಿ ಏನು ಮಾಡಬೇಕೆಂಬುದು ಅವರವರ ಎಂಜಿನಿಯರುಗಳ ತೀರ್ಮಾನವೆಂದೂ ಹೇಳಿದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿ. ನಾನು ನನ್ನ ಮೇಜಿಗೆ ಬಂದು ವರದಿ ಟೈಪ್ ಮಾಡಲು ಕುಳಿತೆನು. ಎರಡು ಸಾಲಾದ ಮೇಲೆ ನಿಲ್ಲಿಸಿ ಚಿದಾನಂದ್ ಅವರಿಗೆ ಫೋನ್ ಮಾಡಿದೆನು.

ಅವರು ಮೊದಲು, ಕೆಲಸದವರು ಸ್ನಾನ ಮಾಡಿದ ನೀರು ಆ ಕಡೆ ಹರಿದಿರಬಹುದು ಎಂದರು. ನೀವು ಮಣ್ಣು ತೆಗೆದದ್ದು ಎಷ್ಟು ಆಳದಲ್ಲಿ ಎಂದು ಕೇಳಿದೆನು. ಹತ್ತು ಅಡಿಯಲ್ಲಿ ಎಂದರು. ಸ್ನಾನದ ನೀರು ಹತ್ತು ಅಡಿ ಇಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, "ಮೇಡಂ, ನಿನ್ನೆಯಿಂದ ಆ ಕಡೆ ಮಣ್ಣಿನ ಗೋಡೆ ಬೆವರಿದ ಹಂಗೆ ಕಾಣ್ತಿತ್ತು. ನೆರಳಿಗೆ ಹಂಗೆ ಕಾಣ್ತಿದೆ ಅಂದ್ಕೊಂಡೆ" ಎಂದರು. ನಾನು ಮೀಟರ್ ತೆಗೆದುಕೊಂಡು ಬರುತ್ತೇನೆಂದು ಹೇಳಿ, ಊಟದ ಬಿಡುವಿನಲ್ಲಿ ಹೋಗಿ ಬರುವುದಾಗಿ ಬದರಿನಾಥ ಅವರಿಗೆ ತಿಳಿಸಿ, ನನ್ನ ಸ್ಕೂಟರಿನಲ್ಲಿ ಹೊರಟೆನು. ಅಲ್ಲಿಗೆ ಸುಮಾರು ನಾಲ್ಕು ಕಿಲೋಮೀಟರ್ ದೂರ. ತಲುಪಿದಾಗ ಹನ್ನೆರಡು ಗಂಟೆ ಹತ್ತು ನಿಮಿಷವಾಗಿತ್ತು.

ಗುಂಡಿಯೊಳಗೆ ಏಳು ಜನ ಪಾಯಕ್ಕೆ ಕಂಬಿ ಕಟ್ಟುತ್ತಿದ್ದರು. ಕೆಂಪರಾಜು ಎಂಬುವರು ಅವರ ಮೇಸ್ತ್ರಿ. ಪೂರ್ವ ಬದಿಯಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಇದೆ. ಗುಂಡಿಯ ಅಂಚಿಗೂ ಗೋಡೆಗೂ ನಡುವೆ ಎರಡು ಅಡಿ ಜಾಗವೂ ಇಲ್ಲ. ಮಣ್ಣಿನ ಕೆಳಭಾಗ ಕಪ್ಪಗೆ ಹೊಳೆಯುತ್ತಿತ್ತು. ಪಕ್ಕದ ಮನೆಯ ನೀರೇ ಇರಬೇಕೆಂದು ನಾವಿಬ್ಬರೂ ಒಟ್ಟಿಗೆ ಅಂದುಕೊಂಡೆವು. ಚಿದಾನಂದ್ ಅವರು ಆ ಬದಿ ಯಾರೂ ಹೋಗಬಾರದೆಂದು ಮೇಸ್ತ್ರಿಗೆ ಹೇಳಿ ನನ್ನೊಡನೆ ಪಕ್ಕದ ಮನೆಗೆ ಬಂದರು.

ಆ ಮನೆಯ ಯಜಮಾನಿ ಸೀತಾಲಕ್ಷ್ಮಿ ಅವರು ಬ್ಯಾಂಕಿನಿಂದ ನಿವೃತ್ತರಾದವರು. ನಿಮ್ಮ ನೆಲದಡಿಯ ಸಂಪಿನಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನಾನು ಕೇಳಿದ ಕೂಡಲೇ, "ಎಲ್ಲಿ ನಿಲ್ಲತ್ತೆ? ಕಾವೇರಿ ನೀರು ಬಿಟ್ಟು ಸಂಪು ತುಂಬಿಸ್ತೀನಿ, ಸಂಜೆ ಮೋಟಾರ್ ಹಾಕಿದ್ರೆ ಬರೀ ಗಾಳಿ. ಮೇಲಿನ ಮನೆ ಹುಡುಗಿ ದಿನಾ ವಾಷಿಂಗ್ ಮಷೀನ್ ಹಾಕ್ತಾಳೆ ಅಂತ ಮೊನ್ನೆ ಚೆನ್ನಾಗಿ ಬೈದೆ" ಎಂದರು. ಮೇಲಿನ ಮನೆಯ ಬಾಡಿಗೆದಾರರಾದ ಇಂಚರ ಎಂಬುವರು ಮೆಟ್ಟಿಲ ಮೇಲೆಯೇ ನಿಂತಿದ್ದರು. "ನಾನು ವಾರಕ್ಕೆ ಎರಡೇ ಸಲ ಆಂಟಿ ಹಾಕೋದು" ಎಂದರು. ಸಂಪು ಗುಂಡಿಯ ಕಡೆಯ ಕಾಂಪೌಂಡಿಗೆ ತಾಗಿಕೊಂಡೇ ಇತ್ತು. ಮುಚ್ಚಳ ತೆಗೆದು ಮೊಬೈಲ್ ಬೆಳಕು ಬಿಟ್ಟು ನೋಡಿದೆವು. ಅದೇ ಬೆಳಿಗ್ಗೆ ತುಂಬಿಸಿದ್ದ ಸಂಪಿನಲ್ಲಿ ನೀರು ಅರ್ಧಕ್ಕೆ ಇಳಿದಿತ್ತು, ಒಳಗೋಡೆಯಲ್ಲಿ ಉದ್ದನೆಯ ಬಿರುಕು ಕಾಣುತ್ತಿತ್ತು. ಬಿರುಕು ಅಗೆತದಿಂದ ಆಯಿತೋ ಮೊದಲೇ ಇತ್ತೋ ನಾನು ಹೇಳಲಾರೆ.

ಚಿದಾನಂದ್ ಅವರು ಅಲ್ಲಿಯೇ ನಿಂತು ಗುತ್ತಿಗೆದಾರರಾದ ಶಶಿಧರ್ ಅವರಿಗೆ ಫೋನ್ ಮಾಡಿದರು. ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆನು. ಆ ಕಡೆಯವರು ಏನೆಂದರೆಂದು ನನಗೆ ಕೇಳಿಸಿರುವುದಿಲ್ಲ. ಈ ಕಡೆಯಿಂದ ಚಿದಾನಂದ್ ಅವರು ಸಂಪು ಒಡೆದಿರುವುದನ್ನೂ ಮಣ್ಣು ನೆನೆದಿರುವುದನ್ನೂ ತಿಳಿಸಿದರು. ನಂತರ, "ನಾಳೆ ಕಾಂಕ್ರೀಟ್ ಬರತ್ತೆ ಅಂತ ನಂಗೂ ಗೊತ್ತು ಸಾರ್" ಎಂದರು. ನಂತರ ಬಹಳ ಹೊತ್ತು ಕೇಳಿಸಿಕೊಂಡು, "ಬೈಯೋದಿದ್ರೆ ಆಮೇಲೆ ಬೈರಿ ಸಾರ್. ಈಗ ಎಲ್ರನ್ನೂ ಮೇಲಕ್ಕೆ ಕರೀತೀನಿ" ಎಂದು ಹೇಳಿ ಫೋನ್ ಇಟ್ಟರು. ಈ ಮಾತುಗಳನ್ನು ಸೀತಾಲಕ್ಷ್ಮಿ ಅವರೂ ಕೇಳಿಸಿಕೊಂಡಿರುತ್ತಾರೆ.

ನಾವು ಗುಂಡಿಯ ಬಳಿ ವಾಪಸ್ ಬಂದಾಗ ಸುಮಾರು ಹನ್ನೆರಡೂವರೆ. ಚಿದಾನಂದ್ ಅವರು ಕೈ ಬೀಸಿ ಕೂಗಿದರು. ಮೇಸ್ತ್ರಿಯೂ ಕೂಗಿದರು. ಆರು ಜನ ಏಣಿ ಹತ್ತಿ ಬಂದರು. ಪಾಪಯ್ಯ ಎಂಬುವರು ಮೂಲೆಯಲ್ಲಿ ಬೆನ್ನು ಹಾಕಿ ಕುಳಿತು ಮಷೀನಿನಿಂದ ಕಂಬಿ ಕತ್ತರಿಸುತ್ತಿದ್ದರು. ಆ ಸದ್ದಿಗೆ ಅವರಿಗೆ ಏನೂ ಕೇಳಿಸಲಿಲ್ಲ. ಮಷೀನಿನ ಕರೆಂಟ್ ತೆಗೆಯಲು ಒಬ್ಬರು ಗೇಟಿನ ಕಡೆ ಓಡಿದರು. ಅಷ್ಟರಲ್ಲಿ ಕಾಂಪೌಂಡ್ ಬುಡದ ಮಣ್ಣಿನಲ್ಲಿ ಒಂದು ಗೆರೆ ಬಾಯಿ ಬಿಟ್ಟಿದ್ದನ್ನು ನಾನು ಕಂಡೆನು. ಚಿದಾನಂದ್ ಅವರೂ ಕಂಡರು. ಬೇಡಿ ಸಾರ್ ಎಂದು ನಾನು ಹೇಳುವ ಹೊತ್ತಿಗೆ ಅವರು ಏಣಿ ಇಳಿದಾಗಿತ್ತು.

ಅವರು ಓಡಿಹೋಗಿ ಪಾಪಯ್ಯ ಅವರ ಭುಜ ಹಿಡಿದು ಎಬ್ಬಿಸಿ, ಬೆನ್ನಿಗೆ ಕೈ ಕೊಟ್ಟು ಏಣಿಯ ಕಡೆ ತಳ್ಳಿಕೊಂಡು ಬಂದರು. ಪಾಪಯ್ಯ ಅವರು ಏಣಿ ಹತ್ತತೊಡಗಿದರು. ಆಗ ಪೂರ್ವ ಬದಿ ಕುಸಿಯಿತು. ಅದು ಧಡಾರನೆ ಬೀಳಲಿಲ್ಲ. ಹಿಟ್ಟು ಜಾರಿದ ಹಾಗೆ ಕೆಳಗಿನಿಂದ ಜಾರಿತು, ಮೇಲಿನದು ಅದರ ಮೇಲೆ ಕುಳಿತುಕೊಂಡಿತು. ಚಿದಾನಂದ್ ಅವರು ಎದೆಯವರೆಗೆ ಮಣ್ಣಿನಲ್ಲಿ ಹೂತುಹೋದರು. ಪಾಪಯ್ಯ ಅವರಿಗೆ ಪೆಟ್ಟಾಗಲಿಲ್ಲ.

ಸೈಟಿನಲ್ಲಿದ್ದ ಜೆಸಿಬಿ ಓಡಿಸುವವರು ಮಣ್ಣು ತೆಗೆಯುತ್ತೇನೆಂದು ಇಂಜಿನ್ ಚಾಲೂ ಮಾಡಿದರು. ಅದರುವಿಕೆಗೆ ಉಳಿದ ಮಣ್ಣೂ ಬರುತ್ತದೆಂದು ಮೇಸ್ತ್ರಿ ಕೆಂಪರಾಜು ಅವರು ನಿಲ್ಲಿಸಿದರು. ಅವರೂ ಇನ್ನಿಬ್ಬರೂ ಕೆಳಗಿಳಿದು ಕೈಯಿಂದಲೂ ಬಾಂಡ್ಲಿಯಿಂದಲೂ ಮಣ್ಣು ತೆಗೆಯತೊಡಗಿದರು. ನಾನು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಸಂಪು ಖಾಲಿ ಮಾಡಿ ಎಂದು ಪಕ್ಕದ ಮನೆಗೆ ಕೂಗಿದೆನು. ಸೀತಾಲಕ್ಷ್ಮಿ ಅವರು ಮೋಟಾರ್ ಹಾಕಿದರು. ಇಂಚರ ಅವರು ಪೈಪನ್ನು ಎದುರಿನ ರಸ್ತೆಯ ಮೋರಿಗೆ ಬಿಟ್ಟರು. ಟ್ಯಾಂಕರ್ ನೀರಿಗೆ ಜನ ಕಾಯುವ ಈ ದಿನಗಳಲ್ಲಿ ಕಾವೇರಿ ನೀರು ರಸ್ತೆಯುದ್ದಕ್ಕೂ ಹರಿಯಿತು.

ನಿಂತಿರುವ ಮಣ್ಣಿನಲ್ಲಿ ಬಿರುಕು ಅಗಲವಾದರೆ ಕೂಗಿ ಹೇಳಬೇಕೆಂದು ಮೇಸ್ತ್ರಿ ನನಗೆ ಹೇಳಿದ್ದರು. ಹಾಗಾಗಿ ನಾನು ಮೇಲೆ ನಿಂತು ಬಿರುಕನ್ನೇ ನೋಡುತ್ತಿದ್ದೆನು. ಚಿದಾನಂದ್ ಅವರ ಮುಖವನ್ನು ನೋಡಲಿಲ್ಲ, ಅವರ ದನಿ ಮಾತ್ರ ಕೇಳಿದೆನು. ಪಾಪಯ್ಯ ಮೇಲೆ ಬಂದನೇ ಎಂದು ಅವರು ಎರಡು ಸಲ ಕೇಳಿದರು. ಬಂದಿದ್ದಾರೆಂದು ಎರಡು ಸಲವೂ ಹೇಳಿದೆನು. ಆಮೇಲೆ ಅವರು ಮಾತಾಡುವುದನ್ನು ನಿಲ್ಲಿಸಿದರು. ಆಗಲೂ ನಾನು ಬಿರುಕಿನಿಂದ ಕಣ್ಣು ತೆಗೆಯಲಿಲ್ಲ.

ಅಗ್ನಿಶಾಮಕ ದಳದವರು ಬಂದು ಹಲಗೆ ಕೊಟ್ಟು ಮಣ್ಣನ್ನು ತಡೆದು, ಒಂದೂಕಾಲರ ಸುಮಾರಿಗೆ ಅವರನ್ನು ಹೊರತೆಗೆದರು. ಅವರಿಗೆ ಉಸಿರಿತ್ತು. ಬಲಗಾಲು ಎರಡು ಕಡೆ ಮುರಿದಿದ್ದು, ಪಕ್ಕೆಲುಬುಗಳಿಗೂ ಪೆಟ್ಟಾಗಿರುತ್ತದೆ.

ಗುರುವಾರದ ಪತ್ರಿಕೆಯಲ್ಲಿ, ಕೆಲಸ ನಿಲ್ಲಿಸುವಂತೆ ತಾವು ಸೂಚಿಸಿದ್ದರೂ ಸೈಟ್ ಎಂಜಿನಿಯರ್ ಕೇಳದೆ ಕಾರ್ಮಿಕರನ್ನು ಅಪಾಯಕ್ಕೆ ದೂಡಿದರೆಂದು ಶಶಿಧರ್ ಅವರು ಹೇಳಿದ್ದಾಗಿ ಓದಿದೆನು. ಸಂಜೆ ಆಸ್ಪತ್ರೆಗೆ ಹೋದೆನು. ಚಿದಾನಂದ್ ಅವರಿಗೆ ಎಚ್ಚರವಿರಲಿಲ್ಲ. ಅವರ ತಾಯಿ ಕಮಲಾದೇವಿ ಅವರು ಹೊರಗೆ ಕುರ್ಚಿಯಲ್ಲಿದ್ದರು. ನಾನು ಯಾರೆಂದು ತಿಳಿದ ಮೇಲೆ, "ಆಳುಗಳನ್ನ ಸಾಯೋಕೆ ಬಿಟ್ಟ ಅಂತ ಬರ್ದವ್ರಲ್ಲಮ್ಮ ನನ್ ಮಗನ್ನ. ನೀನೂ ಅಲ್ಲೇ ಇದ್ದೆಯಂತೆ. ಹೌದೇನಮ್ಮ ಅದು?" ಎಂದು ಕೇಳಿದರು. ಅಲ್ಲ ಎಂದು ಹೇಳಿದೆನು. ಅವರು ನನ್ನ ಕೈ ಹಿಡಿದುಕೊಂಡು, ಇದನ್ನು ಅವರಿಗೂ ಹೇಳಮ್ಮ ಎಂದರು. ಅವರಿಗೆ ಎಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ.

ಅಲ್ಲಿಂದಲೇ ಬದರಿನಾಥ ಅವರಿಗೆ ಫೋನ್ ಮಾಡಿ, ಠಾಣೆಗೆ ಹೋಗುತ್ತೇನೆಂದು ತಿಳಿಸಿದೆನು. ಶಶಿಧರ್ ಅವರ ಇನ್ನೂ ಮೂರು ಕಟ್ಟಡಗಳ ಪರೀಕ್ಷೆ ನಮ್ಮಲ್ಲಿ ನಡೆಯುತ್ತಿರುವುದು ನನಗೆ ಗೊತ್ತಿತ್ತು. ಬದರಿನಾಥ ಅವರು, "ಆ ಕೆಲಸ ಹೋದ್ರೆ ಹೋಗ್ಲಿ. ನೀನು ನೋಡಿದ್ದನ್ನ ನೋಡಿಲ್ಲ ಅನ್ನು ಅಂತ ನಾನು ಹೇಳೋಕಾಗಲ್ಲ ಕಣಮ್ಮ. ನಾಳೆ ರಜ ತಗೋ" ಎಂದರು.

ನಾನು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಪಾಪಯ್ಯ ಅವರು ಕೆಳಗೆ ಚೀಲ ಹಿಡಿದು ನಿಂತಿದ್ದರು. ಅವರದು ಪಾವಗಡದ ಕಡೆಯ ಊರು. ಗುತ್ತಿಗೆದಾರರ ಕಡೆಯವರು ಅದೇ ದಿನ ಬೆಳಿಗ್ಗೆ ಕೆಲಸದವರನ್ನೆಲ್ಲ ಊರುಗಳಿಗೆ ಬಸ್ ಹತ್ತಿಸಿ, ಯಾರಾದರೂ ಕೇಳಿದರೆ ಏನೂ ಗೊತ್ತಿಲ್ಲವೆಂದು ಹೇಳಲು ತಿಳಿಸಿದ್ದಾಗಿ ಅವರು ಹೇಳಿದರು. ಮತ್ತೆ ಹೇಗೆ ಬಂದಿರಿ ಎಂದು ಕೇಳಿದೆನು. "ತುಮಕೂರಲ್ಲಿ ಇಳ್ಕಂಡೆ ಮೇಡಂ. ಆವಯ್ಯ ನನ್ ತಳ್ಳಿ ತಾನು ಒಳಗೆ ಉಳ್ಕಂಡವ್ರೆ. ನಾನ್ ಊರಿಗೋಗಿ ಹೆಂಡ್ರು ಮಕ್ಕಳಿಗೆ ಏನಂತ ಹೇಳ್ಳಿ?" ಎಂದರು. ನಾಳೆ ಬೆಳಿಗ್ಗೆ ಠಾಣೆಗೆ ಬರುತ್ತೀರಾ ಎಂದು ಕೇಳಿದೆನು. ಪೊಲೀಸರೆಂದರೆ ಭಯ ಎಂದರು. ನನಗೂ ಭಯವಿದೆ ಎಂದೆನು. ಹಾಗಾದರೆ ಇಬ್ಬರೂ ಹೋಗೋಣ ಎಂದರು.

ಚಿದಾನಂದ್ ಅವರು ಕೆಲಸ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಗುಂಡಿಗೆ ಇಳಿದದ್ದು ಒಬ್ಬರನ್ನು ಮೇಲೆ ಕರೆತರಲು. ಆ ಒಬ್ಬರು ಈಗ ಈ ಠಾಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರ ಹೇಳಿಕೆಯನ್ನೂ ಇಂದೇ, ನಾನು ಇಲ್ಲಿರುವಾಗಲೇ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಇಲ್ಲಿ ಬರೆಸಿರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಅಳೆದದ್ದು ಮಾತ್ರ. ಕೇಳಿಸದೆ ಇದ್ದದ್ದನ್ನು ಕೇಳಿಸಲಿಲ್ಲವೆಂದೇ ಹೇಳಿದ್ದೇನೆ. ಓದಿಸಿ ಕೇಳಿದೆನು, ಸತ್ಯವಾಗಿರುತ್ತದೆ, ಸರಿಯಾಗಿರುತ್ತದೆ.

ಸ್ಥಳ: ಬೆಂಗಳೂರು
ದಿನಾಂಕ: 21-02-2025

(ಸಹಿ)
ಸ್ಪಂದನಾ ಜೆ.