ಊಟ ಆಗುವ ತನಕ

ಹೈದರಾಬಾದಿನ ಅಮೀರ್‌ಪೇಟ್ ಮೆಟ್ರೋ ನಿಲ್ದಾಣದಲ್ಲಿ ಉಪ್ಪಲ್ ಕಡೆಯ ರೈಲಿಗೆ ಕಾಯುತ್ತಿದ್ದ ಚಿತ್ರಾಳಿಗೆ ಪಕ್ಕದಲ್ಲೇ ಕನ್ನಡ ಕೇಳಿಸಿತು. ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿ ಕಿವಿಗೊಟ್ಟಳು. ಕೊರಳಲ್ಲಿ ಕಂಪನಿಯ ಗುರುತುಚೀಟಿ ತೂಗುಹಾಕಿಕೊಂಡ ನಡುವಯಸ್ಸಿನವನೊಬ್ಬ, ಅವನೆದುರು ಕಣ್ಣು ಕೆಂಪಾದ ಹುಡುಗಿ.

“ಭಾಗ್ಯಶ್ರೀ, ಸಿಟ್ಟಾಗಬ್ಯಾಡ. ಸಿಸ್ಟಮ್ಸ್ ಮ್ಯಾನೇಜರ್ ಅಂದ್ರ ಇದೇ ಕೆಲಸ. ಯಾರನ್ನ ಕೆಲಸದಿಂದ ತಗೀತಾರ ಅಂತ ಮೊದಲು ನನಗೇ ಹೇಳ್ತಾರ. ಲಾಗಿನ್ ಬಂದ್ ಆದ ಮ್ಯಾಲೇ ಅವರನ್ನ ಒಳಗ ಕರದು ಸುದ್ದಿ ಹೇಳ್ತಾರ.”

“ನನ್ನ ಹೆಸರು ಯಾವಾಗ ಹೇಳಿದ್ರು, ಗುರುಶಾಂತ ಸರ?”

“ಇವತ್ತ ಮುಂಜಾನೆ.”

“ಮಧ್ಯಾಹ್ನ ನನ್ನ ಡಬ್ಬಿಯೊಳಗಿನ ರೊಟ್ಟಿ ಮುರಕೊಂಡು ಉಂಡ್ರಿ. ಶೇಂಗಾ ಹಿಂಡಿ ಮಸ್ತ್ ಐತಿ ಅಂದ್ರಿ. ಮುಂದಿನ ತಿಂಗಳು ಅವ್ವನ್ನ ಇಲ್ಲಿಗೇ ಕರಕೊಂಡು ಬರ್ತೀನಿ ಅಂದ್ರ, ಹೂಂ ಹೂಂ ಅಂದ್ರಿ.”

“ಬಾಯಿ ಬಿಟ್ಟಿದ್ರ ನನ್ನ ನೌಕರಿನೂ ಹೋಗ್ತಿತ್ತು.”

“ನನ್ನ ಲಾಗಿನ್ ಯಾರು ಬಂದ್ ಮಾಡಿದ್ರು?”

“ನಾನೇ. ಬ್ಯಾರೆಯವರ ಕೈಲೆ ಮಾಡಸಾಕ ಮನಸ್ಸು ಬರಲಿಲ್ಲ. ಅದನ್ನೂ ಊಟ ಆಗೂತನಕ ತಡದೆ. ನೀ ಹಸಗೊಂಡು ಮನೀಗೆ ಹೋಗಬಾರದು ಅಂತ.”

“ಹಸಿವಿ ತಡಕೋತಿದ್ದೆರಿ ಸರ. ನೀವು ಎದುರಿಗೆ ಕುಂತು ಉಣ್ಣಬಾರದಿತ್ತು.”

ಆತ ಏನೋ ಹೇಳಹೋದ. ಅಷ್ಟರಲ್ಲಿ ರೈಲು ಬಂತು.

“ಬಾ, ದಿನದಂಗ ಕೂಡೇ ಹೋಗೂಣು.”

ಭಾಗ್ಯಶ್ರೀ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಹೆಂಗಸರ ಬೋಗಿ ಹತ್ತಿದಳು. ಹಿಂದೆಯೇ ಹೋದ ಆತ ಬಾಗಿಲ ಬಳಿ ಗಕ್ಕನೆ ನಿಂತ. ಚಿತ್ರಾ ಅವನನ್ನು ದಾಟಿಕೊಂಡು ಒಳಗೆ ಹೋದಳು.