ಅಧ್ಯಕ್ಷರ ಕೋಣೆಗೊಂದು ನಿಯಮ

ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ಗ್ರಂಥಾಲಯದ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಎದ್ದುಹೋಗದ ಸಹೃದಯ ಸಭಿಕರೇ,

ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸದಿಂದ ಇಂದು ನನ್ನ ನಿವೃತ್ತಿ. "ವೆಬ್‌ಸೈಟ್ ಬಗ್ಗೆ ಒಂಬತ್ತು ವರ್ಷದಿಂದ ಒಂದೇ ಒಂದು ದೂರಿಲ್ಲ" ಎಂದು ಅಧ್ಯಕ್ಷರು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಮಾತು ಮುಗಿದ ಕೂಡಲೇ ಆ ವೆಬ್‌ಸೈಟನ್ನು ಈ ಪರದೆಯ ಮೇಲೆ ಎಲ್ಲರಿಗೂ ತೋರಿಸುತ್ತಾರಂತೆ. ಮೂಲೆಯ ಕಂಪ್ಯೂಟರಿನ ಮುಂದೆ ಮಗಳಂಥ ನನ್ನ ಶಿಷ್ಯೆ ಸಿದ್ಧಳಾಗಿ ಕುಳಿತಿದ್ದಾಳೆ. ಆದ್ದರಿಂದ ನಾನು ತುಸು ದೀರ್ಘವಾಗಿಯೇ ಮಾತನಾಡುತ್ತೇನೆ.

ನನ್ನ ತಾಯಿಯಿಂದಲೇ ಆರಂಭಿಸೋಣ. ಯಾರು ಬಾಗಿಲು ಬಡಿದರೂ ಅಮ್ಮ ಮೊದಲು ಕಿಟಕಿಯಿಂದ ಇಣುಕುತ್ತಿದ್ದಳು. ಬಂದವರೆಲ್ಲ ಕೇಳುವುದು ಒಂದೇ ಮಾತು: "ಯಜಮಾನ್ರು ಇದ್ದಾರಾ?" ಉತ್ತರ ಮಾತ್ರ ಬೇರೆ ಬೇರೆ. ಅಪ್ಪನ ಗೆಳೆಯರಾದರೆ, "ಬನ್ನಿ ಬನ್ನಿ, ಒಳಗಿದ್ದಾರೆ." ಕವಿತೆಗಳ ಕಟ್ಟು ಹಿಡಿದ ಪಕ್ಕದ ಮನೆಯವರಾದರೆ, "ಅಯ್ಯೋ, ಈಗಷ್ಟೇ ಹೊರಗೆ ಹೋದ್ರಲ್ಲಾ!" ಅಪ್ಪ ಮಂಚದ ಕೆಳಗಿರುತ್ತಿದ್ದರು.

ವೆಬ್‌ಸೈಟನ್ನು ನಡೆಸುವ ಸರ್ವರ್ ಕೂಡ ಬಾಗಿಲು ಕಾಯುವ ಯಂತ್ರವೇ. ಯಾವ ವಿಳಾಸ ಕೇಳಿದರೆ ಯಾವ ಪುಟ ಕೊಡಬೇಕು ಎಂಬ ನಿಯಮಗಳು ಅದರಲ್ಲಿರುತ್ತವೆ. ಆದರೆ ನಮ್ಮ ಸರ್ವರ್, ಪಾಪ, ಕೇಳಿದವರು ಯಾರೆಂದು ನೋಡುತ್ತಿರಲಿಲ್ಲ. ಅಮ್ಮನ ಬುದ್ಧಿ ಅದಕ್ಕೆಲ್ಲಿಂದ ಬರಬೇಕು?

ಆಗ ನಮ್ಮ ಅಧ್ಯಕ್ಷರದು ದಿನಕ್ಕೊಂದು ಅಪ್ಪಣೆ. "ನನ್ನ ಫೋಟೋ ಇನ್ನೂ ದೊಡ್ಡದಾಗ್ಲಿ ಕಣ್ರೀ." "ಅದರ ಮೇಲೆ ಹೂವು ಉದುರ್ಲಿ." "ನಾನು ಬರೆದ ಸ್ವಾಗತಗೀತೆ ತಾನಾಗೇ ಶುರುವಾಗ್ಲಿ." ಕೊನೆಗೆ, ಪುಸ್ತಕ ಹುಡುಕುವ ಜಾಗವೇ ಅವರ ಗಲ್ಲದ ಕೆಳಗೆ ಮರೆಯಾಯಿತು. ಓದುಗರು ಏನು ಮಾಡಬೇಕು? ನಾನೇನು ಮಾಡಬೇಕು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ವಾರ ಕೂತು ಸರ್ವರ್‌ಗೆ ಹೊಸದೊಂದು ಮಾಡ್ಯೂಲ್, ಅಂದರೆ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ಸೇರಿಸಿದೆ, ಅದಕ್ಕೆ ಅಮ್ಮನ ಹೆಸರಿಟ್ಟೆ. ವಿಳಾಸದ ಜೊತೆಗೆ, ಯಾವ ಕೋಣೆಯ ಕಂಪ್ಯೂಟರ್ ಕೇಳುತ್ತಿದೆ ಎಂಬುದನ್ನೂ ಅದು ಇಣುಕಿ ನೋಡುತ್ತದೆ. ಅಧ್ಯಕ್ಷರ ಕೋಣೆಯಾದರೆ ಹೂವು, ಹಾಡು, ಗಲ್ಲ. ಬೇರೆಲ್ಲಿಂದಾದರೂ ಬರೀ ಪುಸ್ತಕಗಳ ಪಟ್ಟಿ...

ಅಯ್ಯೋ! ಹೇಳಿಯೇಬಿಟ್ಟೆನಲ್ಲ.

ಅಧ್ಯಕ್ಷರೇ, ದಯವಿಟ್ಟು ಕುಳಿತುಕೊಳ್ಳಿ. ಹೌದು, ಒಂಬತ್ತು ವರ್ಷ ಆ ಹಾಡನ್ನು ತಾವೊಬ್ಬರೇ ಕೇಳಿದ್ದೀರಿ. ನನಗೆ ನಾಚಿಕೆಯಾಗುತ್ತಿದೆ. ಈ ಸ್ಮರಣಿಕೆಯನ್ನು ವಾಪಸ್ ತೆಗೆದುಕೊಳ್ಳಿ. ಆದರೆ ಒಂದು ಮಾತು: ದೂರಿಲ್ಲ ಎಂಬುದು ಮಾತ್ರ ಅಪ್ಪಟ ಸತ್ಯ! ದಿನಾ ಬೆಳಗ್ಗೆ ನನ್ನ ಮೇಜಿನ ಕಂಪ್ಯೂಟರಿನಲ್ಲಿ ದೂರುಗಳ ಪುಟ ತೆರೆದು ನಾನೇ ಕಣ್ಣಾರೆ ನೋಡಿದ್ದೇನೆ. ಸೊನ್ನೆ! ಅಷ್ಟಾದರೂ ನನಗೆ ಉಳಿಯಲಿ. ಮಗಳೇ, ದೂರುಗಳ ಪುಟ ಹಾಕಮ್ಮ. ಯಾಕೆ ತಲೆ ತಗ್ಗಿಸಿದೆ? ಹಾಕು.

ಹ್ಞಾಂ? ನಾಲ್ಕು ಸಾವಿರದ ಮುನ್ನೂರ ಹನ್ನೆರಡು?

"ಅಡುಗೆ ಪುಸ್ತಕ ಕೇಳಿದರೆ ಮೋಟಾರು ರಿಪೇರಿ ಬರುತ್ತಿದೆ." "ಇದನ್ನು ನೋಡಿಕೊಳ್ಳುವವರು ಬದುಕಿದ್ದಾರೆಯೇ?" ಸಾಕು, ಕೆಳಗೆ ಹೋಗಬೇಡ.

ಈಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಯಾರದೋ ದೂರು ಓದಿ ನಾನು ಮೂರು ದಿನ ಊಟ ಬಿಟ್ಟಿದ್ದೆ. ಆಗ ನೀನು, "ಇನ್ಮುಂದೆ ಬರಲ್ಲ ಬಿಡಿ ಸರ್" ಅಂದಿದ್ದೆ. ನಿಜವೇ, ಆಮೇಲೆ ನನ್ನ ಮೇಜಿನ ಕಂಪ್ಯೂಟರಿಗೆ ಒಂದೂ ಬರಲೇ ಇಲ್ಲ. ಆ ಮಾಡ್ಯೂಲಿಗೆ ನಿಯಮ ಸೇರಿಸುವುದನ್ನು ನಿನಗೆ ಕಲಿಸಿದವನೂ ನಾನೇ ಅಲ್ಲವೇ?

ಅಧ್ಯಕ್ಷರು ನಗುತ್ತಿದ್ದಾರೆ. ನಗಿ ಸರ್, ನಗಿ. ಸುಳ್ಳು ಪುಟ ನೋಡಿಕೊಂಡು ಸುಖವಾಗಿದ್ದವರು ನಾವಿಬ್ಬರೇ.

ಮಗಳೇ, ನಿನ್ನ ಮೇಲೆ ನನಗೆ ಕೋಪವಿಲ್ಲ. ನಾಳೆ ನನ್ನ ಕುರ್ಚಿಯಲ್ಲಿ ಕೂತು, ಆ ದೂರುಗಳನ್ನೆಲ್ಲ ಒಂದೊಂದಾಗಿ ಸರಿಮಾಡು. ಆದರೆ ಅದಕ್ಕೂ ಮೊದಲು ಒಂದು ಚಿಕ್ಕ ಕೆಲಸ ಮಾಡಿಬಿಡಮ್ಮ. ನಾಳೆಯಿಂದ ನಾನು ದೂರುಗಳ ಪುಟವನ್ನು ಮನೆಯ ಕಂಪ್ಯೂಟರಿನಲ್ಲಿ ನೋಡುತ್ತೇನೆ. ಅದಕ್ಕೂ ಆ ನಿಯಮ ಹಾಕು.

ಇಷ್ಟು ಹೊತ್ತು ಹಸಿವು ತಡೆದುಕೊಂಡ ತಮಗೆಲ್ಲ ವಂದನೆಗಳು. ನಮಸ್ಕಾರ.